ಸೂಟಿಯಲ್ಲಿ ಬೀಗ ಹಾಕಿರುವ ಶಾಲೆ ಅಂಗಳಗಳನ್ನು ಟೆಂಟ್ ಹಾಕಲು ಕೊಡಿ: ಬೆಳಗಾವಿ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳೇ, ಅರಣ್ಯ ಇಲಾಖೆಯ ಹಿರಿಯರೇ, ಎಲ್ಲರಿಗೂ ನಮಸ್ಕಾರ.

ನಾನು ಬೆಳಗಾವಿ ಶಹರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ನಾನು ಕೇಳುವುದು ಒಂದೇ. ಬೇಸಿಗೆ ಸೂಟಿಯಲ್ಲಿ ಖಾನಾಪುರ ತಾಲೂಕಿನ ಕೆಲವು ಸರಕಾರಿ ಶಾಲೆಗಳ ಅಂಗಳವನ್ನು, ಊರಿನವರು ಒಪ್ಪಿದ ಕಡೆ, ಕುಟುಂಬಗಳಿಗೂ ಮಕ್ಕಳ ಗುಂಪುಗಳಿಗೂ ಟೆಂಟ್ ಹಾಕಿಕೊಂಡು ಒಂದೆರಡು ರಾತ್ರಿ ಇರಲು ಕೊಡಿ. ಬಾಡಿಗೆ ಕಡಿಮೆ ಇರಲಿ, ನಿಯಮ ಗಟ್ಟಿ ಇರಲಿ, ಬಂದ ದುಡ್ಡು ಆ ಶಾಲೆಗೆ ಮತ್ತು ಆ ಊರಿಗೇ ಸಿಗಲಿ. ಶಾಲೆಯ ಅಂಗಳವನ್ನು ಬೇರೆ ಕೆಲಸಕ್ಕೆ ಕೊಡಲು ಯಾವ ಹೆಡ್‌ಮಾಸ್ತರರೂ ತಾವೇ ತೀರ್ಮಾನ ಮಾಡಲು ಆಗುವುದಿಲ್ಲ. ಮೇಲಿನಿಂದ ಆದೇಶ ಬರಬೇಕು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗೆ ರಜೆ ಸಿಕ್ಕರೆ ಮತ್ತೆ ಬಾಗಿಲು ತೆಗೆಯುವುದು ಮೇ ಕೊನೆಗೆ. ಈ ಒಂದೂವರೆ ತಿಂಗಳು ನಮ್ಮ ಶಹರದ ಮಕ್ಕಳು ಏನು ಮಾಡುತ್ತಾರೆ? ದುಡ್ಡಿದ್ದವರ ಮನೆಯ ಮಕ್ಕಳು ಗೋವಾ, ಅಂಬೋಲಿ, ದಾಂಡೇಲಿ ಕಡೆ ಹೋಗುತ್ತಾರೆ. ಅಜ್ಜಿಯ ಊರಿದ್ದವರು ಅಲ್ಲಿಗೆ ಹೋಗುತ್ತಾರೆ. ಉಳಿದವರೇ ಜಾಸ್ತಿ. ಅವರಿಗೆ ಮನೆ, ಮೊಬೈಲ್, ಸಂಜೆ ಹೊತ್ತು ಓಣಿಯಲ್ಲಿ ಕ್ರಿಕೆಟ್ ಅಷ್ಟೇ. ನನ್ನ ತರಗತಿಯಲ್ಲಿ ಆಕಾಶಗಂಗೆಯ ಪಾಠ ಮಾಡುವಾಗ "ಇದನ್ನ ಕಣ್ಣಾರೆ ನೋಡಿದವರು ಯಾರು?" ಅಂತ ಕೇಳಿದರೆ ಕೈಗಳೇ ಏಳುವುದಿಲ್ಲ. ಸಹ್ಯಾದ್ರಿ ನಮ್ಮಿಂದ ಒಂದು ತಾಸಿನ ದಾರಿ. ಇಷ್ಟು ಹತ್ತಿರ ಕಾಡಿಟ್ಟುಕೊಂಡು ನಮ್ಮ ಮಕ್ಕಳು ಕತ್ತಲೆಯ ಆಕಾಶವನ್ನೇ ಕಾಣದೆ ಬೆಳೆಯುತ್ತಿದ್ದಾರೆ ಅನ್ನುವುದು ನನಗೆ ನಿಜವಾಗಿಯೂ ಸಂಕಟದ ಮಾತು.

ಬೆಳಗಾವಿಯಿಂದ ಹೊರಟು ಮೂರ್ನಾಲ್ಕು ತಾಸಿನೊಳಗೆ ಮುಟ್ಟುವ ಜಾಗಗಳು ಎಷ್ಟಿವೆ ಅನ್ನುವುದು ನಿಮಗೆ ಗೊತ್ತೇ ಇದೆ. ಆದರೆ ಬೇಸಿಗೆಯ ಲೆಕ್ಕ ಬೇರೆ. ಮಳೆಗಾಲದಲ್ಲಿ ಜನ ಮುಗಿಬೀಳುವ ಗೋಕಾಕ ಜಲಪಾತ ಏಪ್ರಿಲ್‌ನಲ್ಲಿ ಬರೀ ಬಂಡೆ. ಜಾಂಬೋಟಿ ಹತ್ತಿರದ ವಜ್ರಪೋಹ ಸೊರಗಿರುತ್ತದೆ. ಬಾದಾಮಿ, ಆಲಮಟ್ಟಿ ಕಡೆ ಚಳಿಗಾಲದಲ್ಲಿ ಟೆಂಟ್ ಹಾಕಿದರೆ ಸ್ವರ್ಗ. ಏಪ್ರಿಲ್‌ನಲ್ಲಿ ಮಾತ್ರ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ, ಬಾದಾಮಿಯ ಆ ಕೆಂಪು ಕಲ್ಲು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯೆಲ್ಲ ಬಿಡುತ್ತಿರುತ್ತದೆ. ಎಳ್ಳೂರಿನ ರಾಜಹಂಸಗಡ ಹತ್ತಿರದಲ್ಲೇ ಇದೆ, ಬೆಳಗಿನ ಹೊತ್ತು ನೋಡಲು ಬಹಳ ಚೆಂದ. ಆದರೆ ಏಪ್ರಿಲ್-ಮೇನಲ್ಲಿ ಸಂಜೆಯಾದರೆ ಗುಡುಗು, ಸಿಡಿಲು ಇದ್ದದ್ದೇ. ಬೋಳು ಗುಡ್ಡದ ತುದಿಯಲ್ಲಿ ಟೆಂಟಿನ ಕಂಬ ನಿಲ್ಲಿಸುವುದು ಸಿಡಿಲನ್ನು ಕರೆದ ಹಾಗೆ.

ಹಿಡಕಲ್ ಹಿನ್ನೀರಿನ ಬಗ್ಗೆ ಎರಡು ಮಾತು. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ಮುಳುಗಿದ ವಿಠ್ಠಲ ದೇವಸ್ಥಾನ ಮೇಲೇಳುತ್ತದೆ. ಅದನ್ನು ನೋಡಲು ಜನ ಸಾಲುಗಟ್ಟಿ ಹೋಗುತ್ತಾರೆ. ಕಾರುಗಳನ್ನು ಒಣಗಿದ ಕೆರೆಯಂಗಳಕ್ಕೇ ಇಳಿಸುತ್ತಾರೆ. ಮೇಲೆ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುವ ಆ ಮಣ್ಣು ನೀರಿನ ಅಂಚಿಗೆ ಹೋದಂತೆ ಒಳಗೆ ಮೆತ್ತಗಿರುತ್ತದೆ, ಕಾಲಿಟ್ಟರೆ ಮೊಣಕಾಲಿನವರೆಗೆ ಹುದುಗುತ್ತದೆ. ಅದೂ ಅಲ್ಲದೆ ಬೆಳಗಾವಿ ಕುಡಿಯುವ ನೀರು ಬರುವುದು ಅಲ್ಲಿಂದಲೇ. ರಕ್ಕಸಕೊಪ್ಪದ ನೀರೂ ನಮ್ಮ ನಲ್ಲಿಗೇ ಬರುತ್ತದೆ. ನಾವು ಕುಡಿಯುವ ನೀರಿನ ದಂಡೆಯಲ್ಲಿ ಶೌಚಾಲಯವಿಲ್ಲದ ಕ್ಯಾಂಪು ಬೇಡವೇ ಬೇಡ. ಹಿಡಕಲ್‌ಗೆ ಹಗಲು ಹೋಗಿ ಬರಲು ಒಳ್ಳೆಯ ವ್ಯವಸ್ಥೆ ಮಾಡಿ, ಸಾಕು.

ಹಾಗಾಗಿ ಬೇಸಿಗೆಗೆ ಉಳಿಯುವುದು ಖಾನಾಪುರದ ಪಟ್ಟಿ. ಖಾನಾಪುರದಿಂದ ಪಶ್ಚಿಮಕ್ಕೆ, ಜಾಂಬೋಟಿ ದಾಟಿ ಕಣಕುಂಬಿಯ ಕಡೆ, ಮಲಪ್ರಭೆ ಹುಟ್ಟುವ ಕಡೆ. ಅಲ್ಲಿ ಮೇ ತಿಂಗಳಲ್ಲೂ ರಾತ್ರಿ ತಂಪಾಗುತ್ತದೆ. ಕವಳಿ ಹಣ್ಣು ಕಪ್ಪಾಗುವುದು, ಗೇರು ಹಣ್ಣು ಬೀಳುವುದು, ಹಲಸು ಬಲಿಯುವುದು ಎಲ್ಲ ಈ ದಿನಗಳಲ್ಲೇ. ಬೆಳಗಾವಿ ಪೇಟೆಯಲ್ಲಿ ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು ಮಾರುವ ಹೆಣ್ಣುಮಕ್ಕಳು ಬರುವುದು ಆ ಕಡೆಯ ಹಳ್ಳಿಗಳಿಂದಲೇ. ನಮ್ಮ ಮಕ್ಕಳು ಹಣ್ಣನ್ನು ದೊನ್ನೆಯಲ್ಲಿ ನೋಡಿದ್ದಾರೆ. ಮುಳ್ಳಿನ ಗಿಡದಿಂದ ಕಿತ್ತು, ಕೈಗೆ ಹಾಲು ಅಂಟಿಸಿಕೊಂಡು ತಿಂದವರು ಕಡಿಮೆ.

ಈಗ ಅಲ್ಲಿ ರಾತ್ರಿ ಇರಬೇಕು ಅಂದರೆ ಏನು ದಾರಿ ಇದೆ? ಒಂದು, ರಿಸಾರ್ಟು, ಹೋಂಸ್ಟೇ. ಚೆನ್ನಾಗಿಯೇ ಇರುತ್ತವೆ, ಆದರೆ ತಲೆಗಿಷ್ಟು ಅಂತ ದರ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಅತ್ತೆ ಅಂತ ಹೊರಟರೆ ಒಂದು ರಾತ್ರಿಗೇ ತಿಂಗಳ ಕಿರಾಣಿ ಖರ್ಚು ಮುಗಿಯುತ್ತದೆ. ಸರಕಾರದ್ದೇ ಆದ ಜಂಗಲ್ ಲಾಡ್ಜಸ್ 1980ರಿಂದ ಕಾಡಿನ ಪ್ರವಾಸವನ್ನು ಶಿಸ್ತಿನಿಂದ ನಡೆಸುತ್ತಾ ಬಂದಿದೆ. ಊಟ, ವಸತಿ, ಸಫಾರಿ ಎಲ್ಲ ಸೇರಿಸಿ ದರ ಹಾಕುವ ಪದ್ಧತಿ ಅದು, ಅದರ ಗಿರಾಕಿಗಳೇ ಬೇರೆ. ಎರಡನೆಯದು, ಕದ್ದು ಟೆಂಟ್ ಹಾಕುವುದು. ಹುಡುಗರು ಬೈಕ್ ಮೇಲೆ ಹೋಗುತ್ತಾರೆ, ರಸ್ತೆ ಬದಿಯ ಗುಡ್ಡ ಹತ್ತುತ್ತಾರೆ, ಕಟ್ಟಿಗೆ ಸೇರಿಸಿ ಬೆಂಕಿ ಹಾಕುತ್ತಾರೆ, ಬೆಳಿಗ್ಗೆ ಬಾಟಲಿ ಬಿಟ್ಟು ಬರುತ್ತಾರೆ. ಈ ಎರಡರ ನಡುವೆ ಏನೂ ಇಲ್ಲ. ಒಂದು ಸಾದಾ ಕುಟುಂಬ ಕಾನೂನು ಮುರಿಯದೆ, ಸಾಲ ಮಾಡದೆ, ಹೆದರದೆ ಒಂದು ರಾತ್ರಿ ಮಲಗಿ ಬರುವ ಜಾಗ ಬೆಳಗಾವಿಯ ಸುತ್ತ ಇಲ್ಲ.

ಕದ್ದು ಹಾಕುವ ಟೆಂಟಿನಲ್ಲಿ ನನ್ನನ್ನು ಎಲ್ಲಕ್ಕಿಂತ ಹೆದರಿಸುವುದು ಬೆಂಕಿ. ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಆ ಕಾಡಿನ ನೆಲದ ಮೇಲೆ ಒಣ ಎಲೆ ಗೇಣುದ್ದ ಬಿದ್ದಿರುತ್ತದೆ. ಅರಣ್ಯ ಸಿಬ್ಬಂದಿ ಬಿಸಿಲಲ್ಲಿ ನಿಂತು ಬೆಂಕಿ ರೇಖೆ ಕಡಿಯುತ್ತಾರೆ, ಹಗಲು ರಾತ್ರಿ ಕಾಯುತ್ತಾರೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. 2023ರ ಮಾರ್ಚ್‌ನಲ್ಲಿ ನಮ್ಮ ಮಗ್ಗುಲಲ್ಲೇ, ಗಡಿಯಾಚೆ ಗೋವಾದ ಮ್ಹಾದಯಿ ಅಭಯಾರಣ್ಯದಲ್ಲಿ ದಿನಗಟ್ಟಲೆ ಬೆಂಕಿ ಎದ್ದಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದೇ ಅಪರಾಧ. ಟೆಂಟ್ ಹಾಕುವ ಎಷ್ಟೋ ಹುಡುಗರಿಗೆ ತಾವು ಕೂತ ಗುಡ್ಡ ಅಭಯಾರಣ್ಯವೋ, ಮೀಸಲು ಅರಣ್ಯವೋ, ಯಾರದೋ ಹೊಲವೋ ಅನ್ನುವುದೇ ಗೊತ್ತಿರುವುದಿಲ್ಲ.

ಅದಕ್ಕೆ ಕಾಡೊಳಗೆ ಕ್ಯಾಂಪ್ ಕೊಡಿ ಅಂತ ನಾನು ಕೇಳುತ್ತಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಭೀಮಗಡ ಅಭಯಾರಣ್ಯ ಆಗಿದ್ದು 2011ರ ಡಿಸೆಂಬರ್‌ನಲ್ಲಿ. ಸುಮಾರು 190 ಚದರ ಕಿಲೋಮೀಟರ್ ಕಾಡು. ಮಹದಾಯಿ ನದಿ ಹುಟ್ಟುವುದು ಅಲ್ಲೇ, ಬಾರಾಪೇಡೆ ಗುಹೆಗಳಲ್ಲಿ ಜಗತ್ತಿನಲ್ಲೇ ಅಪರೂಪವಾದ ಬಾವಲಿ ಇರುವುದೂ ಅಲ್ಲೇ. ಕಾಳಿ ಹುಲಿ ಮೀಸಲು ಪ್ರದೇಶಕ್ಕೂ ಉತ್ತರದ ಮಹಾರಾಷ್ಟ್ರದ ಕಾಡುಗಳಿಗೂ ಪ್ರಾಣಿಗಳು ಓಡಾಡುವ ದಾರಿ ಅದು. ಆ ಕಾಡೊಳಗೆ ತಲೆಮಾರುಗಳಿಂದ ಬದುಕಿದ ತಳೇವಾಡಿಯ ಕುಟುಂಬಗಳೇ ಪರಿಹಾರ ಪಡೆದು ಹೊರಗೆ ಬರಲು ಒಪ್ಪಿವೆ. ಅವರು ಬಿಟ್ಟುಕೊಟ್ಟ ಜಾಗದಲ್ಲಿ ಶಹರದವರು ಹೋಗಿ ಟೆಂಟ್ ಹಾಕಿದರೆ ಅದಕ್ಕಿಂತ ಅನ್ಯಾಯ ಇನ್ನೊಂದಿಲ್ಲ. ಅಭಯಾರಣ್ಯದ ಗಡಿಯಿಂದ ದೂರ, ಊರ ನಡುವೆ, ಜನ ಇರುವ ಕಡೆ ಜಾಗ ಕೊಡಿ.

ಊರ ನಡುವೆ ಅಂದಾಗ ಗಾಯರಾಣ ಜಮೀನು ನೆನಪಾಗುತ್ತದೆ. ಆದರೆ ಅದು ದನಗಳ ಪಾಲು, ಅದನ್ನು ಮುಟ್ಟುವುದು ಬೇಡ. ಹೊಸದಾಗಿ ಜಾಗ ಹುಡುಕಿ, ಬೇಲಿ ಹಾಕಿ, ಶೌಚಾಲಯ ಕಟ್ಟಿ, ಟೆಂಡರ್ ಕರೆದು ಮಾಡಹೊರಟರೆ ನನ್ನ ಈಗಿನ ವಿದ್ಯಾರ್ಥಿಗಳು ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗುವ ಹೊತ್ತಾಗುತ್ತದೆ. ಎಲ್ಲ ಸಿದ್ಧವಿರುವ ಜಾಗ ಒಂದಿದೆ, ಶಾಲೆ.

2024ರ ಮೇ 7ರಂದು ಲೋಕಸಭಾ ಚುನಾವಣೆ ಇತ್ತಲ್ಲ, ನನಗೆ ಡ್ಯೂಟಿ ಬಿದ್ದಿದ್ದು ಖಾನಾಪುರ ಕಡೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ. ಹಿಂದಿನ ದಿನ ಸಂಜೆಯೇ ಮುಟ್ಟಿದೆವು. ಬೆಳಗಾವಿಯಲ್ಲಿ ಫ್ಯಾನ್ ಹಾಕಿಕೊಂಡರೂ ನಿದ್ದೆ ಬಾರದ ದಿನಗಳು ಅವು. ಮತಯಂತ್ರ ಇಟ್ಟ ಕೋಣೆಗೆ ಪೊಲೀಸರ ಕಾವಲಿತ್ತು. ನಾವು ಹೆಣ್ಣುಮಕ್ಕಳು ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿದೆವು. ಸೆಕೆ ಇರುತ್ತದೆಂದು ಬಾಗಿಲ ಹತ್ತಿರ ಮಲಗಿದ್ದ ನಾನು ರಾತ್ರಿ ಎದ್ದು ಬ್ಯಾಗಿನಿಂದ ಶಾಲು ತೆಗೆದೆ. ಹೊರಗೆ ವರಾಂಡಕ್ಕೆ ಬಂದರೆ ಅಂಗಳದ ಮೇಲೆ ಆಕಾಶ ಪೂರ್ತಿ ಬಿಚ್ಚಿತ್ತು. ಉತ್ತರಕ್ಕೆ ಸಪ್ತರ್ಷಿ ಮಂಡಲ, ದಕ್ಷಿಣದ ಕಡೆ ವೃಶ್ಚಿಕ, ಅದರ ನಡುವೆ ಕೆಂಪಗೆ ಜ್ಯೇಷ್ಠಾ. ನಾನು ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ಚುಕ್ಕೆ ಇಟ್ಟು ತೋರಿಸುವುದೆಲ್ಲ ತಲೆ ಎತ್ತಿದರೆ ಅಲ್ಲೇ ಇತ್ತು.

ಆ ಶಾಲೆಯಲ್ಲಿ ಏನೇನಿತ್ತು ಅಂತ ಹೇಳುತ್ತೇನೆ. ಆಳೆತ್ತರದ ಕಂಪೌಂಡ್, ಗೇಟು. ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ. ನೀರಿನ ಟಾಕಿ, ಕೈ ತೊಳೆಯಲು ಸಾಲು ನಲ್ಲಿ. ಬಿಸಿಯೂಟದ ಅಡುಗೆ ಕೋಣೆ, ಅದರಲ್ಲಿ ಗ್ಯಾಸ್ ಒಲೆ, ದೊಡ್ಡ ಪಾತ್ರೆಗಳು. ಕರೆಂಟು. ಗಾಲಿ ಕುರ್ಚಿ ಬರಲು ಇಳಿಜಾರು. ಅಂಗಳದಲ್ಲಿ ಎರಡು ದೊಡ್ಡ ಮರದ ನೆರಳು, ಹತ್ತು ಹನ್ನೆರಡು ಟೆಂಟ್ ಹಿಡಿಯುವಷ್ಟು ಸಪಾಟು ನೆಲ. ಮಳೆ, ಸಿಡಿಲು ಬಂದರೆ ಓಡಿ ಸೇರಿಕೊಳ್ಳಲು ಗಟ್ಟಿ ಕಟ್ಟಡ. ಒಂದು ಕ್ಯಾಂಪಿಗೆ ಇದಕ್ಕಿಂತ ಜಾಸ್ತಿ ಏನು ಬೇಕು? ಮತಗಟ್ಟೆ ಸಿಬ್ಬಂದಿ ಪ್ರತಿ ಚುನಾವಣೆಗೂ ಇಂಥ ಶಾಲೆಗಳಲ್ಲಿ ರಾತ್ರಿ ಕಳೆಯುತ್ತಾರೆ. ಸರಕಾರಕ್ಕೆ ಇದು ಹೊಸದಲ್ಲ.

ಈಗ ದುಡ್ಡಿನ ಮಾತು. ಅಕ್ಷರ ದಾಸೋಹದ ಅಡುಗೆಯವರಿಗೆ ವರ್ಷದಲ್ಲಿ ಹತ್ತು ತಿಂಗಳು ಮಾತ್ರ ಗೌರವಧನ. ಸೂಟಿಯಲ್ಲಿ ಅವರ ಕೈ ಖಾಲಿ. ಬಂದವರಿಗೆ ಅವರೇ ಅಡುಗೆ ಮಾಡಲಿ. ರೊಟ್ಟಿ, ಪಲ್ಯ, ಅನ್ನ, ಸಾರು, ಹಲಸಿನ ಕಾಲವಾದ್ದರಿಂದ ಅದರದ್ದೊಂದು ಏನಾದರೂ. ತಟ್ಟೆಗೆ 100 ರೂಪಾಯಿ ಅಂದರೂ ಯಾವ ಕುಟುಂಬವೂ ಕೊಸರಾಡುವುದಿಲ್ಲ, ಆ ದುಡ್ಡು ನೇರವಾಗಿ ಅಡುಗೆ ಮಾಡಿದ ಕೈಗೇ ಹೋಗಬೇಕು. ಅಡುಗೆಯ ರೇಷನ್ ಮಾತ್ರ ಹೊರಗಿನಿಂದ ತಂದದ್ದಾಗಿರಬೇಕು, ಮಕ್ಕಳ ಅಕ್ಕಿ ಬೇಳೆಯ ಒಂದು ಕಾಳೂ ಮುಟ್ಟಬಾರದು. ಟೆಂಟಿಗೆ ರಾತ್ರಿಗೆ 200 ರೂಪಾಯಿ ಇಡಿ. ಅದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಖಾತೆಗೆ ಹೋಗಲಿ. ಖಾನಾಪುರದ ಮಳೆ ಎಂಥದ್ದು ಅನ್ನುವುದು ನಿಮಗೆ ಗೊತ್ತು. ಜೂನ್‌ಗೆ ಮುಂಚೆ ಹಂಚು ಸರಿಪಡಿಸದಿದ್ದರೆ ಮಕ್ಕಳು ಒದ್ದೆ ನೆಲದ ಮೇಲೆ ಕೂರುತ್ತಾರೆ. ಮೇ ತಿಂಗಳಲ್ಲಿ ಬಂದ ದುಡ್ಡು ಸರಿಯಾಗಿ ಆ ಹೊತ್ತಿಗೆ ಉಪಯೋಗಕ್ಕೆ ಬರುತ್ತದೆ. ಊರಿನ ಸ್ವಸಹಾಯ ಸಂಘದವರು ಕವಳಿ ಹಣ್ಣು, ಜೇನು, ಹಪ್ಪಳ ಇಟ್ಟುಕೊಂಡು ಕೂತರೆ ಅವರಿಗೂ ನಾಲ್ಕು ಕಾಸು.

ಟೆಂಟ್ ಎಲ್ಲರ ಹತ್ತಿರ ಎಲ್ಲಿರುತ್ತದೆ ಅಂತ ಕೇಳಬಹುದು. ಸ್ಕೌಟ್ಸ್ ಮತ್ತು ಗೈಡ್ಸ್, ಎನ್‌ಸಿಸಿ ನಡೆಸುವ ಶಾಲೆ ಕಾಲೇಜುಗಳಲ್ಲಿ ಟೆಂಟ್‌ಗಳಿವೆ. ತಾಲೂಕಿಗೆ ಒಂದಿಷ್ಟು ಸೇರಿಸಿಟ್ಟು ಬಾಡಿಗೆಗೆ ಕೊಡಬಹುದು. ಇಲ್ಲದವರು ವರಾಂಡದಲ್ಲೇ ಸೊಳ್ಳೆ ಪರದೆ ಕಟ್ಟಿ ಮಲಗಲಿ, ಅದರ ಸುಖವೂ ಕಡಿಮೆಯಲ್ಲ. ಹೋಗಿ ಬರಲು ಕಾರು ಬೇಕೆಂದೇನೂ ಇಲ್ಲ. ಖಾನಾಪುರಕ್ಕೆ ರೈಲಿದೆ, ಅಲ್ಲಿಂದ ಹಳ್ಳಿಗಳಿಗೆ ವಾಯವ್ಯ ಸಾರಿಗೆಯ ಬಸ್ಸುಗಳಿವೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ತಾಯಿ ಮಗಳು ಹೊರಟರೆ ಬಸ್ಸಿನ ಖರ್ಚೇ ಇಲ್ಲ. ಬಸ್ ನಿಲ್ಲುವ ಊರಿನ ಶಾಲೆಗಳನ್ನೇ ಮೊದಲು ಆರಿಸಿ ಅಂತ ನನ್ನ ಕೋರಿಕೆ. ಕಾರಿದ್ದವರು ಹೇಗೂ ಎಲ್ಲಿಗಾದರೂ ಹೋಗುತ್ತಾರೆ.

ನಿಯಮದ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಸೌದೆಯ ಬೆಂಕಿ ಬೇಡ. ಕ್ಯಾಂಪ್ ಅಂದರೆ ನಡುವೆ ಬೆಂಕಿ ಉರಿಯಬೇಕು ಅಂತ ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಚಳಿಗಾಲಕ್ಕೆ ಅದು ಸರಿ, ಬೇಸಿಗೆಯ ಕಾಡಂಚಿಗೆ ಸಲ್ಲದು. ಬೂದಿಯ ಕೆಳಗಿನ ಕೆಂಡ ರಾತ್ರಿಯೆಲ್ಲ ಜೀವಂತ ಇರುತ್ತದೆ. ನೀರು ಸುರಿದು, ಕಲಸಿ, ಮತ್ತೆ ಸುರಿದು, ಅಂಗೈಯ ಹಿಂಬದಿಯನ್ನು ಹತ್ತಿರ ಹಿಡಿದು ನೋಡಿದರೆ ಮಾತ್ರ ಆರಿದ್ದು ಖಾತ್ರಿ. ಅಷ್ಟು ತಾಳ್ಮೆ ಎಷ್ಟು ಜನರಿಗಿದೆ? ನೀರೇ ಕಡಿಮೆ ಇರುವ ಊರಲ್ಲಿ ಅಷ್ಟು ನೀರಾದರೂ ಎಲ್ಲಿಂದ? ಗ್ಯಾಸ್ ಒಲೆ ಸಾಕು. ಶಾಲೆಯಾದ್ದರಿಂದ ಹೆಂಡ, ಸಿಗರೇಟು, ಗುಟ್ಕಾ ಇಲ್ಲವೇ ಇಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅನ್ನುವುದು ದೇಶದ ಕಾನೂನು. ಇಲ್ಲಿ ಹಗಲೂ ಬೇಡ. ತಂದ ಪ್ಲಾಸ್ಟಿಕ್ ತಂದವರೇ ವಾಪಸ್ ಒಯ್ಯಬೇಕು. ಒಂದು ರಾತ್ರಿಗೆ ಹತ್ತು ಟೆಂಟ್ ಮೀರಬಾರದು. ಬುಕಿಂಗ್ ಹೇಗೆ ಮಾಡುವುದು ಅಂದರೆ, ಅರಣ್ಯ ಇಲಾಖೆ 2024ರ ಅಕ್ಟೋಬರ್‌ನಲ್ಲಿ ಚಾರಣಕ್ಕಾಗಿ 'ಅರಣ್ಯ ವಿಹಾರ' ಎಂಬ ಆನ್‌ಲೈನ್ ವ್ಯವಸ್ಥೆ ತಂದು, ಒಂದು ಹಾದಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿದೆ. ಅದೇ ರೀತಿ ಇದಕ್ಕೂ ಮಾಡಬಹುದು.

ನೀರಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಮಳೆಗಾಲದಲ್ಲಿ ಧೋ ಅಂತ ಸುರಿಯುವ ಈ ಸೀಮೆಯ ಹಳ್ಳಿಗಳಲ್ಲೇ ಏಪ್ರಿಲ್ ಹೊತ್ತಿಗೆ ಬಾವಿ ತಳ ಕಾಣುತ್ತದೆ. ಬಿದ್ದ ನೀರೆಲ್ಲ ಇಳಿಜಾರಿನಲ್ಲಿ ಓಡಿಹೋಗಿರುತ್ತದೆ. ಊರಿನ ಹೆಣ್ಣುಮಕ್ಕಳು ಕೊಡ ಹಿಡಿದು ಕಾಯುತ್ತಿರುವಾಗ ನಾವು ಹೋಗಿ ಶಾಲೆಯ ಟಾಕಿ ಖಾಲಿ ಮಾಡಿದರೆ ಅವರು ನಮ್ಮನ್ನು ಯಾಕೆ ಸಹಿಸಬೇಕು? ಆದ್ದರಿಂದ ಯಾವ ಊರಿನಲ್ಲಿ ಮೇ ತಿಂಗಳಲ್ಲೂ ನೀರು ನಿಲ್ಲುತ್ತದೆ ಅನ್ನುವುದನ್ನು ಪಿಡಿಒ ಬರೆದುಕೊಟ್ಟ ಮೇಲೆಯೇ ಆ ಶಾಲೆಯನ್ನು ಪಟ್ಟಿಗೆ ಸೇರಿಸಿ. ಕುಡಿಯುವ ನೀರು ಬಂದವರೇ ಕ್ಯಾನಿನಲ್ಲಿ ತರಲಿ. ಸ್ನಾನ ಮನೆಗೆ ಹೋಗಿ ಮಾಡಿದರಾಯಿತು. ಒಂದು ವಾರ ಟಾಕಿಗೆ ನೀರು ಬರದಿದ್ದರೆ ಆ ವಾರದ ಬುಕಿಂಗ್ ರದ್ದು ಮಾಡುವ ಅಧಿಕಾರ ಊರಿನ ಸಮಿತಿಗೇ ಇರಲಿ.

ಹಾವು, ಉಣ್ಣಿ, ಕರಡಿಯ ಮಾತು ಬಂದೇ ಬರುತ್ತದೆ. ಖಾನಾಪುರದ ಕಾಡಂಚಿನಲ್ಲಿ ಕರಡಿ ಇದೆ, ನಸುಕಿನಲ್ಲಿ ಹೊರಗೆ ಹೋದವರ ಮೇಲೆ ಎರಗಿದ್ದೂ ಇದೆ. ಕಂಪೌಂಡು, ಶೌಚಾಲಯ ಇರುವ ಕಡೆ ಟೆಂಟ್ ಹಾಕಬೇಕು ಅನ್ನುವುದು ಇದಕ್ಕೇ. ರಾತ್ರಿ ಗೇಟು ದಾಟುವ ಪ್ರಮೇಯವೇ ಬರಬಾರದು. ಹಾವಿನ ಔಷಧಿ ಸಿಗುವ ಆಸ್ಪತ್ರೆ ಯಾವುದು, ಎಷ್ಟು ಹೊತ್ತಿನ ದಾರಿ ಅನ್ನುವುದನ್ನು ಗೇಟಿನ ಮೇಲೆ ದೊಡ್ಡದಾಗಿ ಬರೆಸಿ. ನಮ್ಮಲ್ಲಿ ಸಿಗುವ ಆ ಔಷಧಿ ನಾಗರ, ಕಟ್ಟು ಹಾವು (ಕಡಂಬಳ), ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಕಚ್ಚಿದ ಜಾಗ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬಿಟ್ಟು, ಅಲುಗಾಡಿಸದೆ ಬೇಗ ಆಸ್ಪತ್ರೆ ಮುಟ್ಟಿಸುವುದೊಂದೇ ಕೆಲಸ. ಫೋನ್ ಸಿಗ್ನಲ್ ಸಿಗದ ಊರುಗಳೂ ಅಲ್ಲಿ ಇವೆ, ಅಂಥ ಊರನ್ನು ಪಟ್ಟಿಯಿಂದ ಬಿಡಿ. 108ಕ್ಕೆ, 112ಕ್ಕೆ ಕರೆ ಹೋಗದ ಕಡೆ ಮಕ್ಕಳನ್ನು ಮಲಗಿಸಬಾರದು. ಮಂಗನ ಕಾಯಿಲೆ ಉತ್ತರ ಕನ್ನಡ, ಶಿವಮೊಗ್ಗ ಕಡೆ ಬೇಸಿಗೆಯಲ್ಲೇ ಕಾಡುವಂಥದ್ದು. ಅದನ್ನು ಹರಡುವುದು ಉಣ್ಣಿ. ಮಂಗ ಸತ್ತ ಸುದ್ದಿ ಬಂದ ಊರಿನ ಕ್ಯಾಂಪನ್ನು ಆರೋಗ್ಯ ಇಲಾಖೆ ಹೇಳಿದ ದಿನವೇ ಮುಚ್ಚಬೇಕು.

ಹೆಣ್ಣುಮಕ್ಕಳ ಸುರಕ್ಷತೆಯನ್ನು ಕೊನೆಗೆ ಸೇರಿಸುವ ಒಂದು ಸಾಲಾಗಿ ನೋಡಬೇಡಿ. 2025ರ ಮಾರ್ಚ್‌ನಲ್ಲಿ ಕೊಪ್ಪಳ ಜಿಲ್ಲೆಯ ಸಾಣಾಪುರದಲ್ಲಿ ರಾತ್ರಿ ಆಕಾಶ ನೋಡಲು ಕಾಲುವೆ ದಂಡೆಗೆ ಹೋದವರ ಮೇಲೆ ನಡೆದ ದಾಳಿ ನಮ್ಮೆಲ್ಲರ ಎದೆ ಒಡೆದಿದೆ. ಅದಾದ ಮೇಲೆ ಎಷ್ಟೋ ಮನೆಗಳಲ್ಲಿ "ಎಲ್ಲಿಗೂ ಬೇಡ, ಸುಮ್ನೆ ಮನೇಲಿರು" ಅನ್ನುವುದೇ ಉತ್ತರವಾಗಿದೆ. ತಪ್ಪು ಮಾಡಿದವರು ಯಾರೋ, ಆಕಾಶ ಕಳೆದುಕೊಂಡವರು ನಮ್ಮ ಹುಡುಗಿಯರು. ನಿರ್ಜನ ಜಾಗಕ್ಕಿಂತ ಊರ ನಡುವಿನ ಶಾಲೆ ಸಾವಿರ ಪಾಲು ಮೇಲು ಅನ್ನುವುದಕ್ಕೆ ಇದೂ ಕಾರಣ. ಸುತ್ತ ಮನೆಗಳಿರುತ್ತವೆ, ಅಡುಗೆಯ ಅಕ್ಕಂದಿರು ಇರುತ್ತಾರೆ, ಬಂದವರ ಹೆಸರು, ಆಧಾರ್ ನಂಬರು ರಿಜಿಸ್ಟರಿನಲ್ಲಿರುತ್ತದೆ. ಬೀಟ್ ಪೊಲೀಸರು ರಾತ್ರಿ ಒಂದು ಸುತ್ತು ಬಂದು ಸಹಿ ಹಾಕಲಿ. ವಾರದಲ್ಲಿ ಎರಡು ದಿನವನ್ನು ಹೆಣ್ಣುಮಕ್ಕಳ ಗುಂಪುಗಳಿಗೇ ಮೀಸಲಿಡಿ.

ಅನಾಹುತ ಆದರೆ ಯಾರು ಹೊಣೆ ಎಂಬ ಪ್ರಶ್ನೆ ನಿಮ್ಮ ಮೇಜಿನ ಮೇಲೆ ಮೊದಲು ಬರುತ್ತದೆ ಅನ್ನುವುದು ನನಗೆ ಗೊತ್ತು. 2022ರ ನವೆಂಬರ್‌ನಲ್ಲಿ ಗಡಿಯಾಚೆಯ ಕಿತವಾಡ ಜಲಪಾತದಲ್ಲಿ ನಮ್ಮ ಬೆಳಗಾವಿಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಇಂಥ ಸಾವಿನ ನಂತರ ಜಲಪಾತಗಳಿಗೆ ನಿರ್ಬಂಧ ಹಾಕುವುದು ರೂಢಿ. ಅಪಾಯದ ಜಾಗ, ಅಪಾಯದ ದಿನಗಳಿಗೆ ನಿರ್ಬಂಧ ಬೇಕೇ ಬೇಕು. ಆದರೆ ನೆಗಡಿ ಬಂತೆಂದು ಮೂಗು ಕೊಯ್ಯಲಾಗುವುದಿಲ್ಲ. ಹೋಗಬೇಡಿ ಅನ್ನುವ ಬೋರ್ಡಿನ ಜೊತೆಗೆ ಇಲ್ಲಿಗೆ ಹೋಗಿ ಅನ್ನುವ ಬೋರ್ಡೂ ಒಂದಿರಬೇಕು, ಅಲ್ವಾ? ಅದು ಇಲ್ಲದಿದ್ದರೆ ಹುಡುಗರು ಕಾವಲುಗಾರರ ಕಣ್ಣು ತಪ್ಪಿಸಿ, ಯಾರಿಗೂ ಹೇಳದೆ, ಇನ್ನೂ ಒಳಗಿನ ಜಾಗಕ್ಕೆ ಹೋಗುತ್ತಾರೆ. ಅಲ್ಲಿ ಏನಾದರೂ ಆದರೆ ಹುಡುಕುವುದು ಕೂಡ ಕಷ್ಟ.

ನನ್ನ ಸಹೋದ್ಯೋಗಿಗಳೂ ಒಂದು ಆತಂಕ ಹೇಳುತ್ತಾರೆ. ಶಾಲೆ ಹಾಳಾದರೆ? ಬೆಂಚು ಮುರಿದರೆ, ಗೋಡೆ ಗೀಚಿದರೆ, ಶೌಚಾಲಯ ಗಬ್ಬೆದ್ದರೆ ಜೂನ್‌ನಲ್ಲಿ ಅನುಭವಿಸುವವರು ಊರಿನ ಮಕ್ಕಳು. ನ್ಯಾಯವಾದ ಮಾತು. ಆದ್ದರಿಂದ ತರಗತಿ ಕೋಣೆಗಳಿಗೆ ಬೀಗ ಹಾಕಿರಲಿ. ಸಿಡಿಲು ಮಳೆಗೆ ಒಂದೇ ಕೋಣೆ ತೆರೆದಿರಲಿ. ಅಂಗಳ, ವರಾಂಡ, ಅಡುಗೆ ಕೋಣೆ, ಶೌಚಾಲಯ ಇಷ್ಟಕ್ಕೆ ಮಾತ್ರ ಅವಕಾಶ. ಬರುವಾಗ ಟೆಂಟಿಗೆ 500 ರೂಪಾಯಿ ಠೇವಣಿ ಇಡಬೇಕು, ಹೋಗುವಾಗ ಶೌಚಾಲಯ ತೊಳೆದು, ಅಂಗಳ ಗುಡಿಸಿ ತೋರಿಸಿದ ಮೇಲೆ ವಾಪಸ್. ಮೇ 20ಕ್ಕೆ ಎಲ್ಲ ಬಂದ್. ಶಾಲೆ ಶುರುವಾಗುವ ಮುಂಚೆ ಒಂದು ವಾರ ಸುಣ್ಣ ಬಣ್ಣಕ್ಕೆ, ಹಂಚಿನ ಕೆಲಸಕ್ಕೆ ಸಿಗಬೇಕು. ಕೆಲಸ ಹೆಚ್ಚಾಯಿತೆಂದು ಊರಿನ ಶಿಕ್ಷಕರನ್ನು ಸೂಟಿಯಲ್ಲಿ ಇದಕ್ಕೆ ಹಚ್ಚಬೇಡಿ. ಅವರಿಗೂ ಮನೆ, ಮಕ್ಕಳು ಇದ್ದಾರೆ. ಊರಿನಲ್ಲೇ ಓದಿದ, ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರನ್ನು ಆ ನಲವತ್ತು ದಿನಕ್ಕೆ ಕೂಲಿ ಕೊಟ್ಟು ನೇಮಿಸಿ. ಕಾಡಿನ ಹಕ್ಕಿ, ಮರ, ಹೆಜ್ಜೆ ಗುರುತು ನಮ್ಮ ಶಹರದ ಮಕ್ಕಳಿಗೆ ತೋರಿಸಿಕೊಡಲು ಅವರಿಗಿಂತ ತಿಳಿದವರು ಸಿಗುವುದಿಲ್ಲ. ನನ್ನ ಮಕ್ಕಳು ಕನ್ನಡದಲ್ಲಿ ಕೇಳುತ್ತಾರೆ, ಅವರು ಕನ್ನಡ, ಮರಾಠಿ, ಕೊಂಕಣಿ ಬೆರೆಸಿ ಹೇಳುತ್ತಾರೆ. ಬೆಳಗಾವಿಯವರಿಗೆ ಅದು ಅರ್ಥವಾಗದ ಭಾಷೆಯೇನಲ್ಲ.

ಕಾಲದ ವಿಷಯ ಹೇಳಿ ಮುಗಿಸುತ್ತೇನೆ. ಇದು ಏಪ್ರಿಲ್‌ಗೆ ಆಗಬೇಕಾದರೆ ದೀಪಾವಳಿಯ ಹೊತ್ತಿಗೆ ಕಡತ ಏಳಬೇಕು. ಮೊದಲ ವರ್ಷ ಮೂರೇ ಶಾಲೆ ಸಾಕು. ಖಾನಾಪುರದ ಕ್ಷೇತ್ರ ಶಿಕ್ಷಣಾಧಿಕಾರಿ, ವಲಯ ಅರಣ್ಯಾಧಿಕಾರಿಗಳು, ತಹಶೀಲ್ದಾರರು ಒಟ್ಟಿಗೆ ಕೂತು ಶಾಲೆಗಳ ಪಟ್ಟಿ ಮಾಡಲಿ. ಆಮೇಲೆ ಆ ಊರುಗಳ ಗ್ರಾಮಸಭೆಯಲ್ಲಿ ಇದನ್ನು ಇಡಿ. ಯಾವ ಊರು ಬೇಡ ಅನ್ನುತ್ತದೋ ಆ ಊರನ್ನು ಮತ್ತೆ ಒತ್ತಾಯ ಮಾಡಬೇಡಿ. ಒಪ್ಪಿದ ಊರಿನ ಅಡುಗೆಯವರನ್ನು, ಶಾಲಾ ಸಮಿತಿಯ ತಾಯಂದಿರನ್ನು ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಿ ಕೇಳಿ, ಏಕೆಂದರೆ ನೀರು ಎಷ್ಟಿದೆ, ಯಾವ ತಿಂಗಳು ಕರಡಿ ಬರುತ್ತದೆ, ಎಷ್ಟು ಜನಕ್ಕೆ ರೊಟ್ಟಿ ಬಡಿಯಲಾಗುತ್ತದೆ ಅನ್ನುವುದು ಅವರಿಗೇ ಗೊತ್ತು. ಶಹರದ ಕಡೆಯಿಂದ ಬುಕಿಂಗ್ ನೋಡಿಕೊಳ್ಳಲು, ಬರುವವರಿಗೆ ನಿಯಮ ಹೇಳಿಕೊಡಲು, ಮೊದಲ ವಾರಗಳಲ್ಲಿ ಅಲ್ಲೇ ಇದ್ದು ನೋಡಲು ನಾನೂ ನನ್ನ ಜೊತೆಯ ಕೆಲವು ಶಿಕ್ಷಕರೂ ತಯಾರಿದ್ದೇವೆ. ಸಂಬಳ ಬೇಡ. ಸಭೆಯ ದಿನ ಗೊತ್ತಾದರೆ ಸಾಕು, ಬಂದು ಕೂರುತ್ತೇವೆ.

ಇಂತಿ,
ಬೆಳಗಾವಿಯ ಒಬ್ಬ ಪ್ರೌಢಶಾಲಾ ಶಿಕ್ಷಕಿ